ಬೀರುವಿನ ಹಿಂದಿನ ಗೋಡೆ

ಜನವರಿ ೯

ನನ್ನ ದಬ್ಬಣವೇ,

ಬಂದು ತಲುಪಿದೆ. ಹೊಲಿಗೆ ಮೆಷಿನ್ನೂ ತಲುಪಿತು. ಲಾರಿಯವನ ಕೃಪೆಯಿಂದ ಅದರ ಒಂದು ಕಾಲು ಸೊಟ್ಟಗಾಗಿದೆ, ಈಗ ಅದಕ್ಕೂ ನನಗೂ ಜೋಡಿ ಚೆನ್ನಾಗಿದೆ. ಕೆಳಗೆ ಅಂಗಡಿ, ಮೇಲೆ ಒಂದು ರೂಮು, ನಡುವೆ ಕಡಿದಾದ ಮೆಟ್ಟಿಲು. ಅಕ್ಕನ ಮನೆ ಎದುರು ಸಾಲಿನಲ್ಲೇ ಇದೆ. ದಿನಕ್ಕೆ ನಾಲ್ಕು ಸಲ ಬಂದು “ಒಬ್ಬಳೇ ಕೂತು ಏನು ಮಾಡ್ತಿದ್ದೀಯೆ?” ಅಂತ ಕೇಳುತ್ತಾಳೆ. ಹೊಲಿಯುತ್ತಿದ್ದೇನೆ, ಇನ್ನೇನು ಮಾಡಲಿ? ಇಲ್ಲೂ ಒಂದು ಶಾಲೆಯ ಯೂನಿಫಾರಂ ಕೆಲಸ ಸಿಕ್ಕಿದೆ. ಇವರು ಹೋಗಿ ವರ್ಷವಾಗುತ್ತ ಬಂತು, ಆದರೂ ಸಂಜೆ ಆರಾದರೆ ಕೆಲಸದಿಂದ ಬರುತ್ತಾರೇನೋ ಅಂತ ಕತ್ತು ಬಾಗಿಲ ಕಡೆ ತಿರುಗುತ್ತದೆ. ಹಾಳಾದ ಕತ್ತು.

ಫೋನ್ ಮಾಡಬೇಡ, ಕಾಗದ ಬರೆ. ಇಷ್ಟು ವರ್ಷ ಮೆಷಿನ್ ಸದ್ದು ತಿಂದ ಕಿವಿ ನನ್ನದು. ಫೋನಿನಲ್ಲಿ ನೀನು ಕೂಗಿ ಕೂಗಿ ಸುಸ್ತಾಗುತ್ತೀಯ, ನಾನು ಹೂಂ ಹೂಂ ಅಂದು ಏನೂ ಕೇಳಿಸದೆ ಇಟ್ಟುಬಿಡುತ್ತೇನೆ.

ಈಗ ಮನೆ ವಿಷಯ. ಅಡುಗೆಮನೆ ನಲ್ಲಿಯನ್ನು ಜೋರಾಗಿ ತಿರುಗಿಸಬೇಡ, ಮೆಲ್ಲಗೆ ತಿರುಗಿಸಿದರೆ ಮಾತ್ರ ನಿಲ್ಲುತ್ತದೆ. ಹಿತ್ತಿಲ ಬಾಗಿಲಿನ ಚಿಲಕವನ್ನು ಎತ್ತಿ ಎಳೆಯಬೇಕು. ಹಿಂದಿನ ಕೋಣೆಯನ್ನೇ ನಿಮ್ಮಣ್ಣನಿಗೆ ಕೊಡು, ಬೆಳಕು ಚೆನ್ನಾಗಿ ಬರುತ್ತದೆ. ಅಲ್ಲಿನ ಗೋಡೆ ತುಂಬ ಇರುವ ಬೀರು ಬಿಟ್ಟು ಬರುವಾಗ ಎರಡು ಸಲ ತಿರುಗಿ ಹೋಗಿ ಅದರ ಬಾಗಿಲು ಸವರಿದೆ. ನಿನಗಲ್ಲದೆ ಬೇರೆ ಯಾರಿಗೂ ಬಿಟ್ಟು ಬರುತ್ತಿರಲಿಲ್ಲ.

ಆ ಬ್ರೋಕರ್ ಮುಖ ನೆನೆದರೆ ಈಗಲೂ ನಗು. “ಮನೆಗೆ ಹಿಂದೆ ಆದ ಹಾನಿ ಏನಿದ್ರೂ ಮಾರೋರು ಬರೆದು ತಿಳಿಸಬೇಕಮ್ಮಾ, ಕಾನೂನು” ಅಂತ ಒಂದೊಂದಾಗಿ ಓದಿದನಲ್ಲ. ನೀರು ನುಗ್ಗಿದೆಯೇ, ಬೆಂಕಿ ಬಿದ್ದಿದೆಯೇ, ಗೋಡೆ ಬಿರಿದಿದೆಯೇ, ಗೆದ್ದಲು ಹತ್ತಿದೆಯೇ. ಬಡಗಿ ಮನೆಗೆ ಬರೋಕೆ ಗೆದ್ದಲಿಗೆ ಧೈರ್ಯ ಬೇಕಲ್ಲಪ್ಪ ಅಂದೆ ನಾನು. ಎಲ್ಲದಕ್ಕೂ ಇಲ್ಲ, ಇಲ್ಲ, ಇಲ್ಲ ಅಂತ ಬರೆದು ಸಹಿ ಹಾಕಿದೆ. ಎಂಜಿನಿಯರ್ ಕರೆಸಿ ಒಂದು ಸಲ ನೋಡಿಸಿ ಅಂತ ಅವನು ಗೋಗರೆದರೂ ನೀನು ಕೇಳಲಿಲ್ಲ. “ಇವಳ ಮನೇನ ಪರೀಕ್ಷೆ ಮಾಡಿಸ್ಬೇಕಾ ನಾನು? ಇವಳ ಹೊಟ್ಟೆಯೊಳಗಿನ ಹುಣ್ಣೂ ನಂಗೆ ಗೊತ್ತು” ಅಂದೆ. ನರ್ಸಮ್ಮನ ಮಾತಿಗೆ ಎದುರಾಡುವ ಗಂಡಸು ಇನ್ನೂ ಹುಟ್ಟಿಲ್ಲ ಬಿಡು.

ಶಾಲೆಯಲ್ಲಿ ಇಬ್ಬರಿಗೂ ಅಡ್ಡಹೆಸರು ಇಟ್ಟ ಮಾಸ್ತರಿಗೆ ಮುಂದೆ ನಾನು ದರ್ಜಿಯೂ ನೀನು ನರ್ಸೂ ಆಗುತ್ತೇವೆಂದು ಹೇಗೆ ಗೊತ್ತಾಯಿತೋ! ಅಂತೂ ಇಬ್ಬರದ್ದೂ ಚುಚ್ಚುವ ಕೆಲಸವೇ ಆಯಿತು.

ನಿನ್ನ,
ಬಾಬಿನ್


ಫೆಬ್ರವರಿ ೨

ಬಾಬಿನ್,

ಉತ್ತರ ತಡವಾಯಿತು. ಯಾಕೆಂದರೆ ನಾನು ಮನೆಯೊಡತಿ, ನನಗೆ ಪುರುಸೊತ್ತಿಲ್ಲ. ಇಡೀ ಜೀವಮಾನ ಆಸ್ಪತ್ರೆ ಕ್ವಾರ್ಟರ್ಸಿನಲ್ಲಿ ಕಳೆದವಳಿಗೆ ಇದೆಲ್ಲ ಹೊಸದು. ಅಲ್ಲಿ ಗೋಡೆಗೆ ಒಂದು ಕ್ಯಾಲೆಂಡರ್ ಹಾಕಲೂ ಅರ್ಜಿ ಕೊಡಬೇಕಿತ್ತು. ಇಲ್ಲಿ ಬಂದ ಮೊದಲ ದಿನವೇ ಸುತ್ತಿಗೆ ತಗೊಂಡು ಹಾಲಿನ ಗೋಡೆಗೆ ಮೊಳೆ ಹೊಡೆದೆ. ತೂಗುಹಾಕಲು ಏನೂ ಇರಲಿಲ್ಲ. ಸುಮ್ಮನೆ ಹೊಡೆದೆ. ಹೊಡೆದು ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತ ಕಾಫಿ ಕುಡಿದೆ.

ಅಣ್ಣನಿಗೆ ನಿನ್ನ ಹಿಂದಿನ ಕೋಣೆ ತುಂಬ ಹಿಡಿಸಿದೆ. ತಾನು ಕಂಡಕ್ಟರಾಗಿದ್ದ ಬಸ್ ಮಗುಚಿ ಸೊಂಟದ ಕೆಳಗೆ ಸ್ವಾಧೀನ ಹೋದಮೇಲೆ ಅವನು ಇಷ್ಟು ಗೆಲುವಾಗಿದ್ದನ್ನು ನಾನು ನೋಡಿರಲಿಲ್ಲ. ಗಾಲಿಕುರ್ಚಿ ತಳ್ಳಿದರೆ “ರೈಟ್, ರೈಟ್!” ಅನ್ನುತ್ತಾನೆ. ಹೊಸ್ತಿಲು ಬಂದರೆ “ಹೋಲ್ಡಾನ್!” ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ. ಮೊನ್ನೆ ಹಾಲಿನವನು ಗಾಬರಿಬಿದ್ದು ಸೈಕಲ್ ನಿಲ್ಲಿಸಿಬಿಟ್ಟ. ನಾನಿಲ್ಲದೆ ಹೋದರೆ ಇವನನ್ನು ಎಲ್ಲಿ ಮಲಗಿಸುತ್ತಾರೋ ಅನ್ನುವ ಚಿಂತೆ ಕೊರೆಯುತ್ತಿತ್ತು. ಈಗ ಇಲ್ಲ. ಅವನ ಹೆಸರನ್ನೂ ಮನೆಪತ್ರಕ್ಕೆ ಸೇರಿಸಿದ್ದೇನೆ. ಸಾಯುವವರೆಗೆ ಅವನನ್ನು ಯಾರೂ ಎಬ್ಬಿಸುವ ಹಾಗಿಲ್ಲ.

ಒಂದು ದೂರು. ಭಾವ ಮಾಡಿದ ಬೀರುವಿನ ಬಲಗಡೆ ಬಾಗಿಲು ಮುಚ್ಚಿದರೆ ತಾನಾಗಿ ತೆರೆದುಕೊಳ್ಳುತ್ತದೆ. ಎಡಗಡೆಯದು ನೆಲಕ್ಕೆ ಉಜ್ಜುತ್ತದೆ. ಊರಿಗೆಲ್ಲ ನಂಬರ್ ಒನ್ ಬಡಗಿ ಅನ್ನಿಸಿಕೊಂಡವರ ಕೆಲಸ ಇದೇನಾ? ಅಣ್ಣ ಬೇರೆ ಅದರಿಂದ ಟಕ್ ಟಕ್ ಅಂತ ಸದ್ದು ಬರುತ್ತದೆ ಅನ್ನುತ್ತಾನೆ. ಮಲಗಿದವನಿಗೆ ಕೇಳುವುದೆಲ್ಲ ಎಂಜಿನ್ ಸದ್ದೇ. ನಾನು ತಲೆಗೆ ಹಾಕಿಕೊಂಡಿಲ್ಲ.

ನಿನ್ನ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ಹೇಳಿದ ಮಾತು ಕೇಳುವ ಜಾತಿಯಲ್ಲ ನೀನು, ಆದರೂ ಹೇಳಿದ್ದೇನೆ.

ದಬ್ಬಣ


ಫೆಬ್ರವರಿ ೧೧

ಮನೆಯೊಡತಿಯವರ ಪಾದಾರವಿಂದಗಳಿಗೆ,

ಆ ಬಾಗಿಲು ಮೊದಲಿನಿಂದಲೂ ಹಾಗೇ ಕಣೇ! ವರ್ಷಕ್ಕೊಂದು ಸಲ ಇವರು ಅದನ್ನು ಬಿಚ್ಚಿ, ಹತ್ತರಿ ಹೊಡೆದು, ಅಂಚು ಸವರಿ ಮತ್ತೆ ಕೂರಿಸುತ್ತಿದ್ದರು. ಹತ್ತರಿ ಹೊಡೆದ ಹೊಟ್ಟು ಕೋಣೆತುಂಬ ಬಿದ್ದಿರುತ್ತಿತ್ತು, ಗುಡಿಸುವವಳು ನಾನು. “ಊರವರ ಬಾಗಿಲೆಲ್ಲ ನೆಟ್ಟಗಿರತ್ತೆ, ನಮ್ಮನೇದಕ್ಕೆ ಮಾತ್ರ ಏನ್ರೀ ರೋಗ?” ಅಂತ ರೇಗಿಸಿದರೆ “ಮರ ಅಂದ್ಮೇಲೆ ಉಬ್ಬತ್ತೆ, ನಿನ್ ಮುಖದ ಥರ” ಅನ್ನುತ್ತಿದ್ದರು. ಅಲ್ಲಿ ಯಾರಾದರೂ ಬಡಗಿ ಸಿಕ್ಕರೆ ಸವರಿಸಿಬಿಡು.

ಆ ಬೀರುವಿನ ಕಥೆ ನಿನಗೆ ಪೂರ್ತಿ ಹೇಳಿಲ್ಲ. ನನಗೆ ಕೂಸು ನಿಲ್ಲದೆ ಹೋಯಿತಲ್ಲ, ಆ ವರ್ಷದ್ದು. ನೀನಾಗ ದೂರದ ಆಸ್ಪತ್ರೆಯಲ್ಲಿದ್ದೆ. ಅಕ್ಕ ಬಂದು ನನ್ನನ್ನು ಕರಕೊಂಡು ಹೋದಳು. ಗೋಡೆ ಕಡೆ ತಿರುಗಿ ಮಲಗುವುದು, ಏಳುವುದು, ಮತ್ತೆ ಮಲಗುವುದು, ಇಷ್ಟೇ ನನ್ನ ಕೆಲಸವಾಗಿತ್ತು. ಮಳೆ ಮುಗಿದಮೇಲೆ ಮನೆಗೆ ಬಂದರೆ ಹಿಂದಿನ ಕೋಣೆಯಲ್ಲಿ ಈ ಬೀರು! ಕೂಸಿಗೆ ಅಂತ ಖಾಲಿ ಇಟ್ಟಿದ್ದ ಕೋಣೆ ಅದು. ಮೂಲೆಯಿಂದ ಮೂಲೆಗೆ, ನೆಲದಿಂದ ಸೂರಿಗೆ. ಊರಿಗೆಲ್ಲ ಬೀರು ಮಾಡಿಕೊಟ್ಟವರ ಮನೆಯಲ್ಲಿ ನನ್ನ ಸೀರೆಗಳು ಟ್ರಂಕಿನಲ್ಲಿರುತ್ತಿದ್ದವು, ಅದಕ್ಕೆ ಎಷ್ಟು ಜಗಳ ಆಡಿದ್ದೆನೋ. “ತಗೋ, ಇನ್ಮೇಲೆ ತಲೆ ತಿನ್ಬೇಡ” ಅಂದರು. ಅಷ್ಟು ದಿನ ಬಾರದಿದ್ದ ಅಳು ಆವತ್ತು ಬಂತು. ಅವರ ಅಂಗಿ ತೋಯುವವರೆಗೆ ಅತ್ತೆ. ಆಮೇಲೆ ಎದ್ದು ಸೀರೆ ಜೋಡಿಸಿದೆ. ನಾನು ಮತ್ತೆ ಬದುಕಲು ಶುರುಮಾಡಿದ್ದು ಆ ಬೀರುವಿನ ಮುಂದೆ ನಿಂತು ಅಂದರೆ ನೀನು ನಗಬಹುದು.

ಸದ್ದು ನನಗಂತೂ ಎಂದೂ ಕೇಳಿಸಲಿಲ್ಲ. ಕಿವುಡಿಯನ್ನು ಕೇಳಿ ಏನು ಪ್ರಯೋಜನ! ಅಣ್ಣನಿಗೆ ನನ್ನ ಕಡೆಯಿಂದ ಒಂದು ರೈಟ್ ಹೇಳು.

ನಿನ್ನ,
ಬಾಬಿನ್


ಏಪ್ರಿಲ್ ೧೯

ಬಾಬಿನ್,

ಕಳೆದ ವಾರ ಬೆಳಿಗ್ಗೆ ಅಣ್ಣನಿಗೆ ಮೈ ಒರೆಸುತ್ತಿದ್ದಾಗ ಬೀರುವಿನ ಮೇಲಿನ ಗೂಡು ಕಳಚಿ ಅವನ ಕಾಲ ಮೇಲೆ ಬಿತ್ತು. ಅವನಿಗೆ ನೋವಾಗಲಿಲ್ಲ, ಆ ಕಾಲಿಗೆ ನೋವು ಗೊತ್ತಾಗುವುದಿಲ್ಲವಲ್ಲ. ರಕ್ತ ನೋಡಿ ಕಿರುಚಿದವಳು ನಾನು. ನಾನೇ ಕೂತು ಹೊಲಿಗೆ ಹಾಕಿದೆ.

ಮೇಸ್ತ್ರಿಯನ್ನು ಕರೆಸಿ ಬೀರು ಬಿಚ್ಚಿಸಿದೆ. ಹಿಂದಿನ ಗೋಡೆ ಸೂರಿನಿಂದ ನೆಲದವರೆಗೆ ಸೀಳಿದೆ. ನನ್ನ ಕೈ ಒಳಗೆ ಹೋಗುತ್ತದೆ. ಆಚೆ ಕಡೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಹೊರಗೆ ಅದರ ಮೇಲೆ ಗಾರೆ ಮೆತ್ತಿ ಬಣ್ಣ ಬಳಿದಿದ್ದಾರೆ, ಈಗ ಅದೂ ಬಿರಿದಿದೆ. ಒಳಗೆ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಗಳನ್ನು ಸಿಮೆಂಟಿನಲ್ಲಿ ಅಂಟಿಸಿದ್ದಾರೆ. ಇದೇನು ಅಂತ ಮೇಸ್ತ್ರಿಯನ್ನು ಕೇಳಿದೆ. “ಗೊತ್ತಿರೋರು ಮಾಡಿರೋ ಕೆಲಸ ಅಮ್ಮಾ ಇದು. ಬಿರುಕು ನಿಂತಿದ್ಯಾ, ಇನ್ನೂ ಬೆಳೀತಿದ್ಯಾ ನೋಡೋಕೆ ಗಾಜು ಅಂಟಿಸ್ತಾರೆ. ಗೋಡೆ ಅಲ್ಲಾಡಿದ್ರೆ ಗಾಜು ಒಡೆದುಹೋಗತ್ತೆ” ಅಂದರು. ಎಷ್ಟೋ ಒಡೆದಿವೆ. ಒಂದು ಒಡೆದಮೇಲೆ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ಬೀರುವಿನ ಕೆಳಗೂಡಿನಲ್ಲಿ ಹಿಂಬದಿ ಹಲಗೆಯೊಂದನ್ನು ಸ್ಕ್ರೂ ಬಿಚ್ಚಿ ತೆಗೆಯುವ ಹಾಗೆ ಮಾಡಿದ್ದಾರೆ. ನೀನು ಕಂಬಳಿ ಇಡುತ್ತಿದ್ದ ಗೂಡು ಅದು.

ಬಿರುಕಿನೊಳಗೆ ಬಟ್ಟೆ ತುರುಕಿದ್ದಾರೆ. ನೀಲಿ ಯೂನಿಫಾರಂ ಬಟ್ಟೆ, ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ್ದು. ಆ ಕತ್ತರಿ ಯಾರದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಎಂಜಿನಿಯರ್ ಬಂದಿದ್ದರು. ಮಣ್ಣಿನಡಿಯ ಹಳೆಯ ಚರಂಡಿ ಪೈಪು ಒಡೆದು ಪಾಯದ ಕೆಳಗೆ ಪೊಳ್ಳಾಗಿದೆಯಂತೆ. ಮನೆಯ ಹಿಂಭಾಗ ನಿಲ್ಲುವುದಿಲ್ಲ, ಮುಂಭಾಗದ ಮೇಲೂ ನಂಬಿಕೆ ಇಲ್ಲ, ಇವತ್ತೇ ಬಿಡಿ ಅಂದರು. ಅಣ್ಣನನ್ನು ನನ್ನ ಹಳೇ ವಾರ್ಡಿನ ಮೂಲೆಯಲ್ಲಿ ಮಲಗಿಸಿದ್ದೇನೆ. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿಯರು ಕಣ್ಣುಮುಚ್ಚಿಕೊಂಡಿದ್ದಾರೆ. ಇವತ್ತು ಅವನು ರೈಟ್ ಅನ್ನಲಿಲ್ಲ.

ಗೋಡೆ ಬಿರಿದಿದೆಯೇ ಅಂತ ಬ್ರೋಕರ್ ಓದಿದಾಗ ನಿನ್ನ ಪಕ್ಕದಲ್ಲೇ ಕೂತು ನಗುತ್ತಿದ್ದವಳು ನಾನು. ಆ ಬೀರುವಿನ ಮುಂದೆ ಅರ್ಧ ಆಯುಷ್ಯ ಮಲಗೆದ್ದವಳು ನೀನು. ಹೇಳು, ನಿನಗೆ ಗೊತ್ತಿತ್ತಾ?

ದಬ್ಬಣ


ಏಪ್ರಿಲ್ ೨೬

ದಬ್ಬಣ,

ಗೊತ್ತಿರಲಿಲ್ಲ ಕಣೇ. ಅಣ್ಣನ ಕಾಲಿನಾಣೆ, ನನಗೆ ಗೊತ್ತಿರಲಿಲ್ಲ.

ನಿನ್ನ ಕಾಗದವನ್ನು ಅಕ್ಕನ ಕೈಲಿ ಓದಿಸಿದೆ. ನನ್ನ ಕಣ್ಣೇ ತಪ್ಪಾಗಿ ಓದುತ್ತಿರಬಹುದು ಅಂತ. ಅವಳೂ ಅದನ್ನೇ ಓದಿದಳು.

ಬಟ್ಟೆ ನನ್ನದೇ. ಚಿಂದಿ ಚೀಲದಿಂದ ಇವರು ಯಾವಾಗಲೂ ತುಂಡು ತಗೊಳ್ಳುತ್ತಿದ್ದರು, ವಾರ್ನಿಶ್ ಒರೆಸಲು. ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಕೇಳುವ ವಿಷಯವಾ ಅದು? ಕಂಬಳಿಗಳನ್ನು ವರ್ಷಕ್ಕೊಂದು ಸಲ ಹೊರಗೆ ತೆಗೆದು ಬಿಸಿಲಿಗೆ ಹಾಕುತ್ತಿದ್ದವರೂ ಅವರೇ. ನನ್ನ ಕೈಗೆ ಭಾರ ಆಗುತ್ತದೆ ಅಂತ. ಎಂಥಾ ಗಂಡ ಸಿಕ್ಕಿದ್ದಾನೆ ನಿನಗೆ ಅಂತ ಅಕ್ಕ ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

ಒಂದು ಮಾತು ಮಾತ್ರ ಈಗ ಹೊಳೆಯುತ್ತಿದೆ. ಇವರು ಯಾರ ಮನೆಯ ಗೋಡೆ ಬೀರುವಿಗೂ ಹಿಂಬದಿ ಹಲಗೆ ಹೊಡೆದವರಲ್ಲ. “ಗೋಡೆಗೆ ಕೂರಿಸೋದಕ್ಕೆ ಗೋಡೆನೇ ಬೆನ್ನು, ಇನ್ನೊಂದು ಬೆನ್ನು ಯಾಕೆ, ಮರ ದಂಡ” ಅನ್ನುತ್ತಿದ್ದರು. ನಮ್ಮದಕ್ಕೆ ಹೊಡೆದಿದ್ದರು. ನಾನು ನೋಡಿದೆ. ನನ್ನ ಸೀರೆಗೆ ಗೋಡೆಯ ಸುಣ್ಣ ಹತ್ತಬಾರದು ಅಂತ ಹೊಡೆದಿದ್ದಾರೆ ಅಂದುಕೊಂಡು ಹಿಗ್ಗಿದೆ. ಬಡಗಿಯ ಹೆಂಡತಿಯಾಗಿ ಅಷ್ಟು ಕಾಲ ಬಾಳಿ, ಮರದ ಕೆಲಸದ ಒಂದೊಂದು ಗುಟ್ಟೂ ಗೊತ್ತು ಅಂತ ಮೆರೆದವಳು, ಆ ಒಂದು ಹಲಗೆ ನೋಡಿ ಹಿಗ್ಗಿದೆ.

ಕೂಸು ಹೋದಾಗ ಅವರಿಗೆ ಬಿರುಕು ಕಂಡಿರಬೇಕು. ಹಾಸಿಗೆ ಹಿಡಿದವಳಿಗೆ ಮನೆಯೂ ಬಿರಿಯುತ್ತಿದೆ ಅಂತ ಹೇಗೆ ಹೇಳಲಿ ಅಂದುಕೊಂಡಿರಬೇಕು. ಹಾಗೆ ಅಂದುಕೊಂಡರು ಅಂತ ನಾನೇ ನನಗೆ ಹೇಳಿಕೊಳ್ಳುತ್ತಿದ್ದೇನೆ. ಆ ವರ್ಷ ಹೇಳದಿದ್ದರೆ ಹೋಗಲಿ. ಆಮೇಲೆ? ಪಕ್ಕದಲ್ಲೇ ಮಲಗಿದ್ದೆನಲ್ಲ.

ಕೊನೆಯಲ್ಲಿ ನಿನ್ನ ವಾರ್ಡಿನಲ್ಲಿದ್ದಾಗ, ಗಂಟಲಿಗೆ ನಳಿಕೆ ಹಾಕಿದ್ದರಲ್ಲ, ಆಗ ನಾನು “ಮನೇನ ದಬ್ಬಣನಿಗೇ ಕೊಡ್ತೀನಿ, ನೀವೇನೂ ಯೋಚನೆ ಮಾಡಬೇಡಿ” ಅಂದೆ. ಅವರು ತಲೆ ಅಲ್ಲಾಡಿಸಿದರು, ಬೇಡ ಬೇಡ ಅಂತ. ನಿಮ್ಮಿಬ್ಬರದ್ದು ಸದಾ ಕಿತ್ತಾಟವಲ್ಲ, ಸಾಯುವಾಗಲೂ ತಮಾಷೆ ಬಿಡಲಿಲ್ಲ ನೋಡೇ ಅಂತ ನಾವಿಬ್ಬರೂ ನಕ್ಕೆವು. ನಿನಗೆ ನೆನಪಿದೆಯಾ?

ನೀನು ಕೊಟ್ಟ ಹಣ ಅವರ ಆಸ್ಪತ್ರೆಯ ಸಾಲಕ್ಕೂ ಈ ಅಂಗಡಿಗೂ ಹೋಯಿತು. ಅಂಗಡಿ ಮಾರಿ ಕೊಡುತ್ತೇನೆ. ದಯವಿಟ್ಟು ತಗೋ.

ಬಾಬಿನ್


ಮೇ ೨೦

ಬಾಬಿನ್,

ನೆನಪಿದೆ. ಅವರು ಕೈ ಎತ್ತಿ ಎತ್ತಿ ಏನೋ ತೋರಿಸಲು ನೋಡಿದರು. ನಳಿಕೆ ಕಿತ್ತುಕೊಂಡಾರು ಅಂತ ನಾನೇ ಆ ಕೈಯನ್ನು ಹಾಸಿಗೆಗೆ ಒತ್ತಿ ಹಿಡಿದು “ಸುಮ್ನಿರಿ ಭಾವ” ಅಂತ ಗದರಿದೆ. ನಿನ್ನ ಕಾಗದ ಓದಿದಾಗಿನಿಂದ ಆ ಕೈ ನನ್ನ ಅಂಗೈಯಲ್ಲೇ ಇದೆ.

ನಿನ್ನನ್ನು ನಂಬಿದೆ. ವಕೀಲರ ಹತ್ತಿರ ನಿನ್ನ ಪರವಾಗಿ ಜಗಳವನ್ನೇ ಆಡಿದೆ. ಅವರು ಹೇಳಿದ್ದು ಇಷ್ಟು. ಮಾರಿದವರಿಗೆ ಹಾನಿ ಗೊತ್ತಿದ್ದು ಮುಚ್ಚಿಟ್ಟಿದ್ದರೆ ಅದು ಅವರ ತಪ್ಪು, ನಷ್ಟ ಕಟ್ಟಿಕೊಡಲೇಬೇಕು. ಗೊತ್ತೇ ಇರಲಿಲ್ಲವೆಂದರೆ ಏನೂ ಹುಟ್ಟುವುದಿಲ್ಲ, ಅದು ಕೊಂಡವರ ಹಣೆಬರಹ. “ಬಟ್ಟೆ ಅವರದ್ದೇ ಅಂತೀರಿ, ಕೋಣೆ ಅವರದ್ದೇ ಅಂತೀರಿ, ಗೊತ್ತಿರಲಿಲ್ಲ ಅಂತಾನೂ ಅಂತೀರಿ. ಯಾರ ಕಿವಿ ಮೇಲೆ ಹೂ ಇಡ್ತೀರಮ್ಮಾ?” ಅಂದರು. ಬಾಯಿಗೆ ಬಂದ ಹಾಗೆ ಬೈದು ಎದ್ದು ಬಂದೆ.

ಅಂಗಡಿ ಮಾರುವ ಮಾತು ಇನ್ನೊಂದು ಸಲ ಎತ್ತಬೇಡ. ತಪ್ಪಿಲ್ಲದವಳ ಅನ್ನ ಕಿತ್ತುಕೊಂಡು ತಿನ್ನಲು ನಾನೇನು ರಾಕ್ಷಸಿಯಾ? ಭಿಕ್ಷೆ ನನಗೆ ಬೇಡ. ನೀನು ಡ್ರಾಫ್ಟ್ ಕಳಿಸಿದರೂ ಹರಿದು ಹಾಕುತ್ತೇನೆ, ನಾನು ಎಂಥವಳು ಅಂತ ನಿನಗೆ ಗೊತ್ತಲ್ಲ.

ಆದರೆ ನನ್ನ ಹೊಟ್ಟೆಯೊಳಗಿನ ಬೆಂಕಿಗೆ ಏನಾದರೂ ಬೇಕು ಕಣೇ. ವಾರ್ಡಿಗೆ ಹೊಸ ಮೇಲ್ವಿಚಾರಕಿ ಬಂದಿದ್ದಾಳೆ, ಅಣ್ಣನನ್ನು ಮಳೆಗಾಲಕ್ಕೆ ಮೊದಲು ಬೇರೆ ಕಡೆ ಕರಕೊಂಡು ಹೋಗಿ ಅಂದಿದ್ದಾಳೆ. ಪಿಂಚಣಿಯಲ್ಲಿ ಗಾಲಿಕುರ್ಚಿ ಒಳಗೆ ಹೋಗುವಷ್ಟು ಅಗಲದ ಬಾಗಿಲಿರುವ ಮನೆ ಬಾಡಿಗೆಗೂ ಸಿಗುತ್ತಿಲ್ಲ. “ನನ್ನನ್ನ ಅನಾಥಾಲಯಕ್ಕೆ ಸೇರಿಸಿಬಿಡು, ನೀನು ಆರಾಮಾಗಿರು” ಅಂತಾನೆ ಅವನು. ನಗುತ್ತ ಅಂತಾನೆ. ಇದಕ್ಕೆಲ್ಲ ಕಾರಣವಾದ ಆ ಮನುಷ್ಯನಿಗೆ ಕೊನೆಯ ಗುಟುಕು ನೀರು ಹಾಕಿದವಳು ನಾನು. ಭಾವ ಅಂತ ಬಾಯಿತುಂಬ ಕರೆದೆ. ಗೋಡೆ ಸೀಳಿದ್ದನ್ನು ವರ್ಷ ವರ್ಷವೂ ಬಗ್ಗಿ ನೋಡಿ, ಗಾಜು ಅಂಟಿಸಿ, ಕಂಬಳಿ ಮುಚ್ಚಿ, ಬಂದು ನಮ್ಮ ಜೊತೆ ಕಾಫಿ ಕುಡಿಯುತ್ತಿದ್ದ ಮನುಷ್ಯ.

ಅವನು ಮೋಸಗಾರ ಅಂತ ಒಂದು ಸಲ ನಿನ್ನ ಕೈಯಾರೆ ಬರೆ. ನಿನಗೂ ಮೋಸ ಮಾಡಿದ, ನನಗೂ ಮಾಡಿದ ಅಂತ. ಅಷ್ಟು ಸಾಕು ನನಗೆ. ಆಮೇಲೆ ನಾವಿಬ್ಬರೂ ಒಂದೇ ಕಡೆ, ಮೊದಲಿನ ಹಾಗೆ. ಬಾ, ಬಂದು ಒಂದು ವಾರ ನನ್ನ ಜೊತೆ ಇರು. ಇಬ್ಬರೂ ಸೇರಿ ಅವನನ್ನು ಬೈಯೋಣ, ಅಳೋಣ.

ದಬ್ಬಣ


ಜೂನ್ ೨೮

ದಬ್ಬಣ,

ಉತ್ತರಕ್ಕೆ ಕಾಯಿಸಿದೆ. ಬರೆಯುವುದು, ಹರಿಯುವುದು, ಇದೇ ಆಯಿತು.

ಹಿಂದಿನ ಕಾಗದದಲ್ಲಿ ಬರೆದದ್ದು ಸುಳ್ಳು. ನನಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ಬಿರುಕು ಮೊದಲು ಕಂಡವಳೇ ನಾನು. ಮೇಸ್ತ್ರಿಗೆ ಹೇಳಿ ರಿಪೇರಿ ಮಾಡಿಸೋಣ ಅಂತ ಇವರು ಅಂದರು. ಬೇಡ, ಮುಂದೆ ಮಾರುವ ಕಾಲ ಬಂದರೆ ಬೆಲೆ ಬರುವುದಿಲ್ಲ, ಮುಚ್ಚಿಬಿಡಿ ಅಂತ ಹಟ ಹಿಡಿದವಳು ನಾನು. ಬೀರು ಮಾಡಿಸಿದವಳು ನಾನು. ಬಟ್ಟೆ ತುರುಕಿದವಳೂ ನಾನು. ನಿನಗೆ ಮಾರಬೇಡ ಅಂತ ಅವರು ಕೊನೆಗೂ ಹೇಳಲು ನೋಡಿದರು, ನಾನು ಕೇಳಲಿಲ್ಲ. ಅವರದ್ದು ಏನೂ ತಪ್ಪಿಲ್ಲ.

ಇದನ್ನೇ ನಿನ್ನ ವಕೀಲರು ಕೇಳುವ ರೀತಿಯಲ್ಲಿ ಇನ್ನೊಂದು ಹಾಳೆಯಲ್ಲಿ ಬರೆದು, ಇಲ್ಲಿನ ನೋಟರಿ ಮುಂದೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಅಂಗಡಿಗೆ ಗಿರಾಕಿ ಸಿಕ್ಕಿದ್ದಾರೆ. ಹಣ ವಕೀಲರಿಗೇ ಕಳಿಸುತ್ತೇನೆ. ಇದು ಭಿಕ್ಷೆಯಲ್ಲ, ತಪ್ಪಿಗೆ ಕಟ್ಟುತ್ತಿರುವ ದಂಡ. ಹರಿದು ಹಾಕಲು ನಿನಗೆ ಕಾರಣವಿಲ್ಲ.

ಅಣ್ಣನಿಗೆ ಬಾಗಿಲು ಅಗಲವಾಗಿರುವ ಮನೆಯನ್ನೇ ನೋಡು. ಈ ಸಲ ಎಂಜಿನಿಯರ್ ಕರೆಸಿ ನೋಡಿಸಿಯೇ ತಗೋ. ಮಾರುವವರು ಯಾರೇ ಆಗಿರಲಿ.

ಬಾಬಿನ್


ಜುಲೈ ೪

ಇವರಿಗೆ,

ನಿಮ್ಮ ಹೇಳಿಕೆ ತಲುಪಿತು. ವಕೀಲರು ಇಷ್ಟು ಸಾಕು ಅಂದಿದ್ದಾರೆ. ನಾನು ಹೇಳಲಿಲ್ಲವಾ ಅಂತ ಅವರು ಕೇಳಲಿಲ್ಲ, ಅದೊಂದು ದೊಡ್ಡ ಉಪಕಾರ.

ಗೊತ್ತಿರಲಿಲ್ಲ ಅಂತ ನೀವು ಅಣ್ಣನ ಕಾಲಿನಾಣೆ ಇಟ್ಟಿದ್ದಿರಿ. ಗಾಯ ಇನ್ನೂ ಒಣಗಿರದ ಕಾಲು ಅದು. ಅದನ್ನು ಓದಿ ನಾನು ವಾರ್ಡಿನ ಬಚ್ಚಲಿನಲ್ಲಿ ನಿಂತು ಅತ್ತು, ದೇವರೇ ಅವಳು ನನ್ನವಳೇ ಅಂದುಕೊಂಡಿದ್ದೆ. ಹೋಗಲಿ.

ಭಾವನನ್ನು ಮನಸ್ಸಿನಲ್ಲೇ ಬಹಳ ಬೈದಿದ್ದೆ. ಆ ಸತ್ತ ಜೀವ ಕ್ಷಮಿಸಲಿ.

ಇನ್ನು ಮೇಲೆ ಏನಿದ್ದರೂ ವಕೀಲರ ಮೂಲಕವೇ ಆಗಲಿ.

ಮನೆ ಕೊಂಡವಳು


ಅಕ್ಟೋಬರ್ ೧೫

ದಬ್ಬಣ,

ನಿನಗೆ ನೇರವಾಗಿ ಬರೆಯಬಾರದಿತ್ತು, ಗೊತ್ತು. ಹಣ ಪೂರ್ತಿ ಸಂದಿದೆ ಅಂತ ವಕೀಲರ ಕಾಗದ ಬಂತು. ಅಣ್ಣನಿಗೆ ಹೊಸ ಮನೆಯಾಗಿದೆ ಅಂತ ಹಳೇ ಬ್ರೋಕರ್ ಹೇಳಿದ, ಸಂತೋಷವಾಯಿತು. ಬಾಗಿಲು ಅಗಲವಾಗಿದೆಯಂತೆ.

ನಾನು ಅಕ್ಕನ ಮನೆಯಲ್ಲಿದ್ದೇನೆ. ಅಂಗಡಿ ಕೊಂಡವರೇ ನನ್ನನ್ನು ಕೂಲಿಗೆ ಇಟ್ಟುಕೊಂಡಿದ್ದಾರೆ, ಅದೇ ಮೆಷಿನ್, ಅದೇ ಕಿಟಕಿ. ಕಾಲಿಗೆ ಮೆಟ್ಟಿಲು ಹತ್ತುವ ಕಾಟ ತಪ್ಪಿತು. ಹೊಟ್ಟೆಬಟ್ಟೆಗೆ ಕೊರತೆಯಿಲ್ಲ. ನನ್ನ ಬಗ್ಗೆ ಏನೂ ಅಂದುಕೊಳ್ಳಬೇಡ, ಅದಕ್ಕಾಗಿ ಬರೆಯುತ್ತಿಲ್ಲ.

ಒಂದೇ ಒಂದು ಕೇಳುವುದಿತ್ತು. ಮನೆ ಕೆಡವಿ ಹಾಕಿದ್ದಾರಂತೆ, ಇನ್ನು ಯಾರನ್ನು ಕೇಳಲಿ? ನೋಡಿದವಳು ನೀನೊಬ್ಬಳೇ. ಗೋಡೆಯ ಮೇಲೆ ಇವರು ಅಂಟಿಸಿದ್ದ ಗಾಜುಗಳಲ್ಲಿ ಎಲ್ಲಕ್ಕಿಂತ ಕೊನೆಯದು ಒಡೆದಿತ್ತಾ, ಇಡಿಯಾಗಿತ್ತಾ? ಇಡಿಯಾಗಿದ್ದರೆ ಬಿರುಕು ನಿಂತಿತು ಅಂತ ಅವರು ನಂಬಿದ್ದರು ಅಂತಾಯಿತು. ಇನ್ನು ಹೆದರಿಕೆ ಇಲ್ಲ, ಅವಳಿಗೆ ಹೇಳುವ ಅಗತ್ಯವೂ ಇಲ್ಲ ಅಂತ ಬಿಟ್ಟಿರಬಹುದು. ಕೆಲಸದ ನಡುವೆ, ಊಟದ ನಡುವೆ ಅದೊಂದೇ ತಲೆಯಲ್ಲಿ ಸುತ್ತುತ್ತದೆ. ಒಂದು ಗೆರೆ ಬರೆದರೆ ಸಾಕು, ಹೆಸರೂ ಹಾಕಬೇಡ.

ಬಾಬಿನ್


ನವೆಂಬರ್ ೩

ಬಾಬಿನ್,

ಒಡೆದಿತ್ತು.

ಇಡಿಯಾಗಿತ್ತು ಅಂತ ಬರೆಯಲು ಪೆನ್ನು ಎತ್ತಿದೆ, ಆಗಲಿಲ್ಲ. ನಡುವೆ ಸೀಳಿ ಎರಡಾಗಿತ್ತು. ಅದರ ಪಕ್ಕ ಹೊಸದೊಂದನ್ನು ಕೂರಿಸಲು ಎರಡೂ ಬದಿಗೆ ಸಿಮೆಂಟ್ ಇಟ್ಟು ನುಣ್ಣಗೆ ಮಾಡಿದ್ದರು. ಗಾಜು ಮಾತ್ರ ಇರಲಿಲ್ಲ. ಸಿಮೆಂಟ್ ಹಾಗೇ ಒಣಗಿಹೋಗಿತ್ತು. ಗಾಜು ತರಲು ಹೋದವರು ಅಷ್ಟರಲ್ಲಿ ಕಾಯಿಲೆ ಬಿದ್ದಿರಬೇಕು. ಕೊನೆಯವರೆಗೂ ಹೆದರಿಕೊಂಡೇ ಇದ್ದರು ಕಣೇ. ಒಬ್ಬರೇ.

ಈಗ ನನ್ನ ಸರದಿ. ಬಿರುಕು ಮೊದಲು ಕಂಡವಳು ನಾನು, ಬೀರು ಮಾಡಿಸಿದವಳು ನಾನು ಅಂತ ನೋಟರಿ ಮುಂದೆ ಬರೆದುಕೊಟ್ಟವಳು, ಗಂಡ ಏನು ನಂಬಿದ್ದರು ಅಂತ ನನ್ನನ್ನು ಕೇಳುತ್ತೀಯಲ್ಲೇ, ಪೆದ್ದಿ. ಗೊತ್ತಿದ್ದವಳು ಕೇಳುವ ಪ್ರಶ್ನೆಯಾ ಅದು? ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ, ಜೂನ್ ತಿಂಗಳ ಕಾಗದ ಹುಡುಕಿ ತೆಗೆದು ಅದನ್ನೂ ಮತ್ತೆ ಓದಿದೆ. ಅವರ ಹೆಸರು ಕೆಡಬಾರದು, ನಾನು ಹಣ ಬೇಡ ಅನ್ನಬಾರದು, ಅದಕ್ಕೆ ಮಾಡದ ತಪ್ಪನ್ನೆಲ್ಲ ನಿನ್ನ ತಲೆಗೆ ಕಟ್ಟಿಕೊಂಡೆ. ನಾನು ನಂಬಿದೆ. ‘ಇವರಿಗೆ’ ಅಂತ ಬರೆದೆ ನಿನಗೆ. ನನ್ನ ಕೈಗೆ ಹುಳ ಬೀಳಲಿ.

ವಕೀಲರಿಗೆ ಹೇಳಿ ಆ ಹೇಳಿಕೆ ರದ್ದು ಮಾಡಿಸಬೇಕು, ಹಣ ತಿರುಗಿಸಬೇಕು, ನಿನ್ನ ಅಂಗಡಿ ಬಿಡಿಸಬೇಕು. ಫೋನ್ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಹಾಲಿನಿಂದ ಅಣ್ಣನ ಕುರ್ಚಿಯ ಸದ್ದು ಕೇಳಿತು. ಈ ಮನೆಯ ಬಾಗಿಲು ಎಷ್ಟು ಅಗಲ ಅಂದರೆ ಯಾರೂ ತಳ್ಳುವುದು ಬೇಡ. ತಾನೇ ಗಾಲಿ ತಿರುಗಿಸಿಕೊಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತಾನೆ, ಬರುತ್ತಾನೆ, ಮತ್ತೆ ಹೋಗುತ್ತಾನೆ. ಬಸ್ ಮಗುಚಿದಮೇಲೆ ಇದೇ ಮೊದಲು. “ಲೇ, ಇವತ್ತು ಎಕ್ಸ್‌ಪ್ರೆಸ್ಸು ಕಣೇ, ಎಲ್ಲೂ ಸ್ಟಾಪಿಲ್ಲ!” ಅಂತ ಕೂಗಿದ.

ಫೋನ್ ಇಟ್ಟುಬಿಟ್ಟೆ.

ಹೇಳುವುದಿಲ್ಲ ನಾನು. ವಕೀಲರಿಗೆ ಹೇಳುವುದಿಲ್ಲ, ಅಣ್ಣನಿಗೂ ಹೇಳುವುದಿಲ್ಲ. ನಿನಗೆ ಗೊತ್ತಿರಲಿಲ್ಲ ಅನ್ನುವುದು ನನಗೆ ಗೊತ್ತು, ಗೊತ್ತಿದ್ದೂ ನಿನ್ನ ಅಂಗಡಿಯ ಹಣದಲ್ಲಿ ಕೊಂಡ ಈ ಸೂರಿನ ಕೆಳಗೆ ಉಂಡು ಮಲಗುತ್ತೇನೆ. ನೀನು ಅಲ್ಲಿ ನಿನ್ನದೇ ಮೆಷಿನ್ನಿನ ಮುಂದೆ ಕೂಲಿಗೆ ಕೂತಿರುತ್ತೀಯ.

ಒಂದೇ ಬೇಡಿಕೆ. ಈ ಊರಿಗೆ ಬರಬೇಡ. ನಾನು ಸತ್ತೆ ಅಂತ ಸುದ್ದಿ ಬಂದರೂ, ಅಣ್ಣ ಇರುವವರೆಗೆ ಬರಬೇಡ. ನೀನು ಎದುರಿಗೆ ಬಂದು ನಿಂತು, ಆ ಕಿವುಡು ಕಿವಿ ಮುಂದೆ ಮಾಡಿ “ಏನಂದ್ಯೇ?” ಅಂತ ಕೇಳಿದರೆ ನಾನು ಎಲ್ಲವನ್ನೂ ಹೇಳಿಬಿಡುತ್ತೇನೆ. ಆಮೇಲೆ ಇವನನ್ನು ಎಲ್ಲಿ ಮಲಗಿಸಲಿ, ಹೇಳು?

ನಿನ್ನ,
ದಬ್ಬಣ